ಡೋಲಿಯ ಹಿಂದಿನ ಹೆಗಲು

"ಕೇಳಿರಪ್ಪೋ ಕೇಳಿ! ರಾಜಕುಮಾರಿ ಚೆಲುವಾಂಬೆಯ ಮೂರು ಒಗಟು ಬಿಡಿಸಿದವನಿಗೆ ಅವಳನ್ನು ಧಾರೆಯೆರೆದು ಕೊಡಲಾಗುವುದು, ಜೊತೆಗೆ ಅರ್ಧ ರಾಜ್ಯ. ತಪ್ಪಿದವನಿಗೆ ಅಮಾವಾಸ್ಯೆಯಂದು ತಲೆದಂಡ!"

ಡಂಗುರದವನು ಸಾರಿ ಮನೆಗೆ ಹೋದ. ಕಷ್ಟ ಬಂದದ್ದು ಡೋಲಿ ಹೊರುವವರಿಗೆ. ಅರಮನೆ ಇದ್ದದ್ದು ಬೆಟ್ಟದ ತುದಿಯಲ್ಲಿ, ಮದುವೆಯಾಗಲು ಬಂದ ದೊರೆಮಕ್ಕಳೋ ನಡೆಯುವ ಪೈಕಿಯಲ್ಲ. ತಿಪ್ಪ ಮುಂದೆ, ಮುದ್ದಜ್ಜ ಹಿಂದೆ, ಹನ್ನೊಂದು ಜನರನ್ನು ಹೊತ್ತು ಹತ್ತಿಸಿದರು. ಹನ್ನೊಂದು ಜನವೂ ಸೆರೆಮನೆ ಸೇರಿದರು. ಹಿಂದಿನವನಿಗೆ ಡೋಲಿ ಅಡ್ಡವಾಗಿ ದಾರಿ ಕಾಣುವುದಿಲ್ಲ. ಹಾಗಾಗಿ "ಕಲ್ಲೈತೆ ಅಜ್ಜ", "ಮೆಟ್ಲು ಅಜ್ಜ" ಎಂದು ಮುಂದಿನವನು ಕೂಗುತ್ತಲೇ ಇರಬೇಕು. ತಿಪ್ಪನ ಕಾಲಿನ ಜೊತೆ ಗಂಟಲೂ ಸೋತುಹೋಗಿತ್ತು.

ಹನ್ನೆರಡನೆಯವನು ಸಾಕಷ್ಟು ದಪ್ಪಗಿದ್ದ. ಅವನನ್ನೂ ತಂದು ಸಭೆಯಲ್ಲಿ ಇಳಿಸಿದರು.

ಚೆಲುವಾಂಬೆ ಕೇಳಿದಳು: "ಆನೆ ಗತ್ತಿನಿಂದ ನಿಧಾನ ನಡೆಯುತ್ತದೆ, ಮದುಮಗಳು ನಾಚಿಕೆಯಿಂದ. ಗತ್ತೂ ನಾಚಿಕೆಯೂ ಇಲ್ಲದೆ ನಿಧಾನ ನಡೆಯುವವನು ಯಾರು?"

ಮೊದಲು ಬಂದ ದೊರೆಮಕ್ಕಳು ಆಮೆ, ಕುಡುಕ, ಮುದುಕ ಎಂದೆಲ್ಲ ಹೇಳಿ ಕೆಟ್ಟಿದ್ದರು. ಇವನು "ಸೋಮಾರಿ!" ಎಂದ. ಭಟರು ಎಳೆದುಕೊಂಡು ಹೋದರು.

"ಡೋಲಿ ಕೆಳಗೆ ಹೋಗಲಿ. ಇನ್ನೊಬ್ಬ ಕಾಯುತ್ತಿದ್ದಾನೆ," ಎಂದ ರಾಜ.

ಏಳಲು ಹೋದ ಮುದ್ದಜ್ಜನ ಮಂಡಿ ಮಡಚಿಕೊಂಡಿತು, ಅಲ್ಲೇ ಕೂತುಬಿಟ್ಟ. ತಿಪ್ಪನಿಗೆ ಅಳುವೇ ಬಂತು.

"ನಾನೇ ಹೇಳ್ತೀನಿ ಬುದ್ಧಿ. ತಪ್ಪಿದ್ರೆ ತಲೆ ತೆಗೀರಿ. ಇನ್ನೊಬ್ರನ್ನ ಹೊರೋ ತ್ರಾಣಂತೂ ಇಲ್ಲ." ರಾಜಕುಮಾರಿಯ ಕಡೆ ತಿರುಗಿದ. "ಹೊರೆ ಹೊತ್ತೋನು, ಅಮ್ಮಣ್ಣಿ. ಅವನು ಬೇಕಂತ ನಿಧಾನ ಮಾಡಲ್ಲ. ಒಂದು ಕಾಲು ಕಿತ್ತಿಡೋ ಹೊತ್ಗೆ ಇನ್ನೊಂದು ಹೂತ್ಕೊಂಡಂಗಾಗ್ತದೆ."

"ಕೆಳಗಿಳಿಸಿದರೂ ಹಗುರವಾಗದ ಹೊರೆ ಯಾವುದು?" ಎಂದು ಚೆಲುವಾಂಬೆ ಎರಡನೆಯದನ್ನು ಕೇಳಿದಳು.

"ನಾವು ತಂದು ಬಿಟ್ಟೋರು. ಹತ್ತುವಾಗ ಹೆಗಲ ಮೇಲಿದ್ರು. ಬರೀ ಡೋಲಿ ಹೊತ್ತು ಇಳಿಯುವಾಗ ಎದೆ ಮೇಲಿರ್ತಾರೆ."

ಚೆಲುವಾಂಬೆ ತಲೆ ತಗ್ಗಿಸಿದಳು. ತಲೆದಂಡದ ಷರತ್ತು ಅಪ್ಪನದು. ಅವಳೂ ನೆಮ್ಮದಿಯಾಗಿ ಉಂಡು ಎಷ್ಟೋ ದಿನವಾಗಿತ್ತು.

"ಹೊರೆ ಹೊತ್ತವನಿಗೆ ಹೆಜ್ಜೆ ಹೆಜ್ಜೆಗೂ ಕುಸಿಯುವಂತಾಗುತ್ತದೆ, ಆದರೂ ನಿಲ್ಲುವುದಿಲ್ಲ. ಅವನನ್ನು ನಡೆಸುವುದೇನು?"

"ಕೂಲಿ," ಎಂದು ಸಭೆಯಲ್ಲಿ ಯಾರೋ ಪಿಸುಗುಟ್ಟಿದರು. "ಚಾಟಿ," ಎಂದ ಇನ್ನೊಬ್ಬ. ತಿಪ್ಪ ಮುದ್ದಜ್ಜನನ್ನೇ ನೋಡುತ್ತ ನಿಂತ.

"ಹಿಂದಿನ ಹೆಗಲು, ಅಮ್ಮಣ್ಣಿ. ನಾನು ಕುಸಿದ್ರೆ ದಾರಿ ಕಾಣದ ಅಜ್ಜನೂ ಬೀಳ್ತಾನೆ. ತಾನು ಕುಸಿದ್ರೆ ಹುಡುಗ ಬೀಳ್ತಾನೆ ಅಂತ ಅಜ್ಜ ನಡೀತಾನೆ. ಇಬ್ರಿಗೂ ಆಗಲ್ಲ, ಇಬ್ರೂ ನಿಲ್ಲಲ್ಲ."

"ಮೂರೂ ಸರಿ," ಎಂದಳು ಚೆಲುವಾಂಬೆ. "ದಿನಾ ಕಿಟಕಿಯಿಂದ ನಿಮ್ಮಿಬ್ಬರ ನಡಿಗೆ ನೋಡಿಯೇ ಕಟ್ಟಿದ ಒಗಟುಗಳು ಇವು. ಡೋಲಿಯೊಳಗೆ ಕೂತು ಬಂದವರಿಗೆ ತಿಳಿಯುವುದಾದರೂ ಹೇಗೆ?"

ರಾಜ ಮಾತಿಗೆ ತಪ್ಪಲಿಲ್ಲ. "ಮಗಳನ್ನು ಕೊಟ್ಟೆ, ಅರ್ಧ ರಾಜ್ಯವೂ ನಿನ್ನದು. ಇನ್ನೇನು ಬೇಕು, ಕೇಳು."

"ಆ ಹನ್ನೆರಡು ಜನಾನ ಬಿಟ್ಬಿಡಿ ಬುದ್ಧಿ. ಆದ್ರೆ ನಡ್ಕೊಂಡೇ ಇಳೀಲಿ."

ದೊರೆಮಕ್ಕಳು ಗೊಣಗುತ್ತ ಇಳಿದರು. ಕೊನೆಗೆ ಹೊರಟದ್ದು ಡೋಲಿ. ಒಳಗೆ ಮುದ್ದಜ್ಜ, ಸಂಕೋಚದಿಂದ ಮುದುಡಿ ಕೂತಿದ್ದ. ಮುಂದೆ ತಿಪ್ಪ. ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಹಿಂದಿನ ದಂಡಕ್ಕೆ ಹೆಗಲು ಕೊಟ್ಟವಳು ಚೆಲುವಾಂಬೆ. ಅವಳಿಗೆ ದಾರಿ ಕಾಣುತ್ತಿರಲಿಲ್ಲ.

"ಕಲ್ಲೈತೆ, ಅಮ್ಮಣ್ಣಿ," ಎಂದು ತಿಪ್ಪ ಸೋತ ಗಂಟಲಲ್ಲಿ ಕೂಗಿದ.

"ಹೂಂ, ನಡಿ," ಎಂದಳು ಅವಳು.

ಮದುವೆ ಬೆಟ್ಟದ ಬುಡದಲ್ಲೇ ಆಯಿತು. ರಾಜನೂ ನಡೆದೇ ಬಂದ.