ಸುವ್ರತೆ ಕೊಡ ಒಡೆದ ಬಂಡೆ

ಮರಗಿಡಗಳಿಗೂ ಋಷಿಗಳಷ್ಟೇ ಹಟವಿದ್ದ ಪೂರ್ವಯುಗದಲ್ಲಿ, ಸಕಲತೀರ್ಥಸ್ನಾತನೂ ಉಗ್ರತಪೋನಿಧಿಯೂ, ಸುಮ್ಮನಿರುವುದೊಂದನ್ನು ಬಿಟ್ಟು ಉಳಿದೆಲ್ಲ ವಿದ್ಯೆಗಳಲ್ಲಿ ಪಾರಂಗತನೂ ಆದ ಕೃಶಬಾಹು ಮಹರ್ಷಿಯು ಧರ್ಮಪತ್ನಿ ಸುವ್ರತೆಯೊಡನೆ ಈ ಬೋಳುಗುಡ್ಡಕ್ಕೆ ಬಂದು, ತಾನೇ ಬೆಳೆಸಿದ ರಕ್ತಕರವೀರವನ್ನು, ಎಂದರೆ ಕೆಂಪು ಕಣಗಿಲೆಯನ್ನು, ಸ್ವಯಂಭೂಲಿಂಗಕ್ಕೆ ಅರ್ಪಿಸುವವರೆಗೆ ಆಶ್ರಮದಲ್ಲಿ ಒಲೆ ಹೊತ್ತಿಸಕೂಡದೆಂದು ಸಂಕಲ್ಪ ಮಾಡಿದನು. ಸಂಕಲ್ಪ ಅವನದು, ಹಸಿ ಗೆಡ್ಡೆ ಅಗಿಯುವ ಪಾಡು ಸುವ್ರತೆಗೂ ಬಂತು.

ಕಣಗಿಲೆಯೆಂದರೆ ಮೇಕೆಯೂ ಮೂಸದ, ಬಿಸಿಲಿಗೂ ಬಗ್ಗದ ಗಿಡ. ಮಹರ್ಷಿಯಾದರೋ ಅದನ್ನು ಹಸುಗೂಸೆಂದೇ ಭಾವಿಸಿ, ತ್ರಿಕಾಲವೂ ಕೆಳಗಿನ ಹೊಳೆಯಿಂದ ಸುವ್ರತೆಯ ಕೈಯಲ್ಲಿ ನೀರು ಹೊರಿಸಿ ಬುಡಕ್ಕೆ ಹೊಯ್ದು, ಗೊಬ್ಬರವನ್ನು ರಾಶಿ ಒಟ್ಟಿ, ಬಿಸಿಲು ತಾಗದಂತೆ ಪರ್ಣಚಪ್ಪರವನ್ನೂ ಕಟ್ಟಿದನು. ಗಿಡ ಸೊಂಪಾಗಿ ಎಲೆ ಬಿಟ್ಟಿತು. ಹೂವು ಮಾತ್ರ ಬಿಡಲಿಲ್ಲ. ವಸಂತಗಳು ಉರುಳಿದವು. ಒಲೆಯೊಳಗೆ ಇರುವೆಗಳು ಗೂಡು ಕಟ್ಟಿದವು.

ಸುವ್ರತೆಗೆ ಸಾಕುಸಾಕಾಗಿ ಹೋಯಿತು. “ಆರ್ಯಪುತ್ರ, ಆ ಗಿಡವನ್ನು ಅದರ ಪಾಡಿಗೆ ಬಿಡಬಾರದೇ?” ಎಂದಳು.

“ಬಿಟ್ಟರೆ ಬಾಡದೇ? ಇನ್ನೊಂದು ಕೊಡ ತಾ,” ಎಂದನು ಮಹರ್ಷಿ.

ಆ ಸಾಧ್ವಿಯು ಹೋಗಿ ಕೊಡ ತುಂಬಿ ತಂದು, ಗುಡ್ಡದ ನೆತ್ತಿಯ ಬಂಡೆಗೆ ಅದನ್ನು ಅಪ್ಪಳಿಸಿ, ಕುಡುಗೋಲೆತ್ತಿ ಗಿಡವನ್ನು ಮೋಟಾಗಿ ಸವರಿ, ಚಪ್ಪರವನ್ನು ಕಿತ್ತೆಸೆದು, ಗಂಡನಿಗೆ ಬೆನ್ನು ಹಾಕಿ ಕುಳಿತುಬಿಟ್ಟಳು. ಮಹರ್ಷಿಯು ಶಪಿಸಲೆಂದು ಕಮಂಡಲುವಿನ ನೀರನ್ನು ಅಂಗೈಗೆ ಬಗ್ಗಿಸುವಷ್ಟರಲ್ಲಿ ಲಿಂಗದಿಂದ ಅಶರೀರವಾಣಿಯಾಯಿತು: “ಎಲೈ ಕೃಶಬಾಹುವೇ, ಆ ನೀರನ್ನೂ ಕೆಳಗಿಡು. ಬೇಸಗೆಯಲ್ಲಿ ಉರಿಯುವ ನನ್ನ ನೆತ್ತಿಗೆ ಒಂದು ಹನಿ ಹಾಕದೆ, ಬೇಡವೆನ್ನುವ ಗಿಡಕ್ಕೆ ಹೊಳೆಯನ್ನೇ ಕುಡಿಸಿದೆ. ಇನ್ನು ಈಕೆಯ ಕೈಯಿಂದಲ್ಲದೆ ನಾನು ಹೂವನ್ನು ಸ್ವೀಕರಿಸೆನು.”

ಬರೀ ಬಿಸಿಲನ್ನುಂಡು ಆ ಮೋಟುಗಳು ಚಿಗುರಿದವು. ತುದಿತುದಿಯಲ್ಲೂ ಕೆಂಪು ಗೊಂಚಲು ಬಂತು. ಸುವ್ರತೆಯು ಒಂದನ್ನು ಕೊಯ್ದು ಲಿಂಗದ ಮೇಲಿಟ್ಟು, ಗಂಡನ ಮಂತ್ರ ಮುಗಿಯುವ ತನಕವೂ ಕಾಯದೆ ಒಲೆ ಹಚ್ಚಲು ಹೋದಳು.

ಕೊಡ ಬಿದ್ದ ಕುಳಿಯು ಬಂಡೆಯ ಮೇಲೆ ಇಂದಿಗೂ ಕಾಣುತ್ತದೆ. ಪ್ರತಿವರ್ಷ ಉತ್ಸವದಂದು ಊರಿನ ಹಿರಿಯ ಹೆಂಗಸು ಕುಡುಗೋಲಿನಿಂದ ಗಿಡ ಸವರುತ್ತಾಳೆ. ಅಂದಿನ ನೈವೇದ್ಯವನ್ನು ಗಂಡಸರೇ ಬೇಯಿಸುತ್ತಾರೆ. ಇಷ್ಟೆಲ್ಲ ಓದಿಯೂ, ಗಿಡಕ್ಕೆ ನೀರು ಹಾಕಬಾರದೆಂಬ ಫಲಕವನ್ನು ಕಣ್ಣಾರೆ ಕಂಡೂ, ಗಿಡದ ಬುಡಕ್ಕೇ ನೀರೆರೆಯುವ ಭಕ್ತಮಹಾಶಯರಿಗೆ ಏನು ಹೇಳುವುದು? ಕಳೆದ ವರ್ಷ ದೇವರಿಗೆ ಒಂದು ಹೂವೂ ಸಿಗಲಿಲ್ಲ. ದಯಮಾಡಿ ತಂಬಿಗೆಯನ್ನು ಲಿಂಗದ ಮೇಲೆ ಬರಿದು ಮಾಡಿ, ಗಿಡಕ್ಕೆ ದೂರದಿಂದ ಕೈಮುಗಿದು ಹೊರಡತಕ್ಕದ್ದು.