ಬೆಲ್ಲದ ವ್ಯಾಪಾರಿಯ ಮುಯ್ಯಿ

"ಬುದ್ಧೀ, ಖರ್ಚು ಕಡಿಮೆ ಮಾಡಿದರೆ ಸಾಲ ತೀರುತ್ತದೆ ಎಂದು ನನಗೂ ಗೊತ್ತು. ಆದರೆ ಮದುವೆ ಮನೆಗಳಲ್ಲಿ, ನಾಲ್ಕು ಜನರ ಮುಂದೆ, ಕೈ ಬಿಗಿ ಹಿಡಿದರೆ ಮರ್ಯಾದೆ ಉಳಿಯುತ್ತದೆಯೇ?"

ಕೇಳಿದವನು ಗುರುಮಲ್ಲಪ್ಪ. ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟವನು, ಮಠಕ್ಕೆ ಹಳೆಯ ಶಿಷ್ಯ. ಗುರುಗಳು ಅವನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು.

"ಸಾಲ ಎಷ್ಟಾಗಿದೆ?"

"ಮನೆ ಮಾರಿದರೆ ತೀರುತ್ತದೆ, ಬುದ್ಧೀ."

"ಹಾಗಾದರೆ ನಿನ್ನ ಮರ್ಯಾದೆಯ ಬೆಲೆ ಒಂದು ಮನೆ. ದುಬಾರಿಯಾಯಿತಲ್ಲಯ್ಯಾ. ಕೂತುಕೋ, ಒಬ್ಬ ಬೆಲ್ಲದ ವ್ಯಾಪಾರಿಯ ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ."

ಗುರುಗಳು ಹೇಳತೊಡಗಿದರು.

ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಅವನ ತಂದೆ ಧಾರಾಳಿ ಎಂದು ಹೆಸರಾದವನು. ಸಾಯುವಾಗ ಆ ಹೆಸರನ್ನೂ, ಅದನ್ನು ಗಳಿಸಲು ಮಾಡಿದ ಸಾಲವನ್ನೂ ಮಗನಿಗೆ ಬಿಟ್ಟು ಹೋದ. ಮಗ ಎರಡನ್ನೂ ಬೆಳೆಸಿದ. ಹತ್ತು ವರ್ಷದಲ್ಲಿ ವಾಸದ ಮನೆಯೇ ಸಾಹುಕಾರನ ಹತ್ತಿರ ಅಡಮಾನಕ್ಕೆ ಹೋಯಿತು. ಸಾಹುಕಾರ ಮೂರು ವರ್ಷ ಗಡುವು ಕೊಟ್ಟ. ಅಷ್ಟರೊಳಗೆ ತೀರಿಸದಿದ್ದರೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬೀದಿಗೆ ಇಳಿಯಬೇಕು.

ಅವನೇನು ದಡ್ಡನಲ್ಲ. ಮಾರನೆಯ ದಿನವೇ ಕುದುರೆ ಗಾಡಿ ಮಾರಿದ. ಅಂಗಡಿಗೆ ನಡೆದೇ ಹೋದ. ಊಟಕ್ಕೆ ತುಪ್ಪ ನಿಂತಿತು, ಹಬ್ಬಕ್ಕೆ ಹೊಸ ಬಟ್ಟೆ ನಿಂತಿತು. ಹೆಂಡತಿ ಕೈಬಳೆ ಬಿಚ್ಚಿಕೊಟ್ಟಳು. ಕೊನೆಗೆ ಮಕ್ಕಳ ಹಾಲೂ ನಿಂತಿತು. ಒಂದಕ್ಕೆ ಮಾತ್ರ ಅವನು ಕೈ ಹಚ್ಚಲಿಲ್ಲ. ಅದು ಮುಯ್ಯಿ.

ಮುಯ್ಯಿ ಏನೆಂದು ನಿನಗೆ ನಾನು ಹೇಳಿಕೊಡಬೇಕೇ? ನಿಮ್ಮ ಮನೆಯ ಶುಭಕಾರ್ಯಕ್ಕೆ ಒಬ್ಬ ತಂಬಿಗೆ ಕೊಟ್ಟರೆ, ಅವನ ಮನೆಯ ಕಾರ್ಯಕ್ಕೆ ನೀನು ತಂಬಿಗೆ ಕೊಡಬೇಕು, ಜೊತೆಗೆ ಒಂದು ಲೋಟವನ್ನೂ ಇಡಬೇಕು. ಮುಂದಿನ ಸಲ ಅವನು ಅದರ ಮೇಲೆ ಇನ್ನೊಂದು ಇಡುತ್ತಾನೆ. ಯಾರು ಏನು ಕೊಟ್ಟರು ಎಂದು ಚಪ್ಪರದಲ್ಲಿ ಒಬ್ಬ ನಿಂತು ಗಟ್ಟಿಯಾಗಿ ಕೂಗುತ್ತಾನೆ. ತಂದೆಯ ಹೆಸರು ಕೂಗಿದಾಗಲೆಲ್ಲ ಜೊತೆಗೆ ಬೆಳ್ಳಿ ಎಂದು ಕೇಳುತ್ತಿತ್ತು. ಮಗನ ಹೆಸರಿಗೂ ಹಾಗೇ ಕೇಳಬೇಕಿತ್ತು. ಕೇಳಿದಾಗ ಅವನಿಗೆ ಬಹಳ ಸಂತೋಷವಾಗುತ್ತಿತ್ತು. ಯಾರಿಗೆ ಆಗುವುದಿಲ್ಲ ಹೇಳು.

ಹೀಗೆ ಎಂಟು ತಿಂಗಳು ಹೊಟ್ಟೆ ಬಟ್ಟೆ ಕಟ್ಟಿ ಉಳಿಸಿದ್ದು ಒಂದು ಲಗ್ನದ ಕಾಲದಲ್ಲಿ ಖಾಲಿಯಾಗುತ್ತಿತ್ತು. ತಿರುಗಿ ಬಂದ ಬೆಳ್ಳಿ ಪೆಟ್ಟಿಗೆಯಲ್ಲೇ ಇತ್ತು. ಅದನ್ನು ಮಾರುವಂತಿಲ್ಲ. ಕೊಟ್ಟವರು ಮನೆಗೆ ಬಂದಾಗ ಅದು ಅವರ ಕಣ್ಣಿಗೆ ಬೀಳಬೇಕಲ್ಲ! ಹೆಂಡತಿ ಒಂದು ದಿನ ತಡೆಯಲಾರದೆ ಕೇಳಿದಳು. "ನಮ್ಮ ಮಕ್ಕಳ ಹಾಲು ನಿಲ್ಲಿಸಿ ಯಾರದೋ ಮಗುವಿನ ತೊಟ್ಟಿಲಿಗೆ ಬೆಳ್ಳಿ ಕೊಡುತ್ತೀರಲ್ಲ, ಇದು ಯಾವ ಸೀಮೆ ನ್ಯಾಯ?" ವ್ಯಾಪಾರಿ ಅರ್ಧ ಊಟಕ್ಕೇ ಎದ್ದು ಕೈ ತೊಳೆದುಕೊಂಡ. ಅವಳ ಮೇಲೆ ಸಿಟ್ಟು ಬಂತು ಎಂದು ತಿಳಿದುಕೊಂಡ. ಬಂದದ್ದು ನಾಚಿಕೆ.

ಮೂರನೆಯ ವರ್ಷ ಬಂತು. ಗಡುವಿಗೆ ಒಂದು ತಿಂಗಳು ಉಳಿದಿತ್ತು. ಅಷ್ಟು ಹೊತ್ತಿಗೆ ಅವನ ಚಿಕ್ಕಪ್ಪನ ಮಗನ ಮನೆಯಿಂದ ಲಗ್ನಪತ್ರಿಕೆ ಬಂತು. ಈ ತಮ್ಮ ಪಕ್ಕದ ಊರಿನಲ್ಲಿ ಎಣ್ಣೆಗಾಣ ಇಟ್ಟವನು. ಅವನ ಗೃಹಪ್ರವೇಶಕ್ಕೆ ವ್ಯಾಪಾರಿ ಬೆಳ್ಳಿ ತಟ್ಟೆ ಕೊಟ್ಟಿದ್ದ. ಹೋದ ವರ್ಷ ವ್ಯಾಪಾರಿಯ ಕಿರಿಯ ಮಗನ ನಾಮಕರಣಕ್ಕೆ ತಮ್ಮ ಒಂದು ಜೊತೆ ಬೆಳ್ಳಿ ದೀಪ ತಂದು ಮುಯ್ಯಿ ತೀರಿಸಿದ್ದ. ಈಗ ತಮ್ಮನ ಮಗಳ ಮದುವೆ. ದೀಪಕ್ಕಿಂತ ಮಿಗಿಲಾಗಿ ಏನಾದರೂ ಕೊಡಬೇಕು. ಕೊಟ್ಟರೆ ಸಾಹುಕಾರನಿಗೆ ಕಟ್ಟಲು ಈ ವರ್ಷ ಕೂಡಿಟ್ಟ ಹಣ ಹೋಗುತ್ತದೆ, ಹಣದ ಹಿಂದೆ ಮನೆಯೂ ಹೋಗುತ್ತದೆ.

ವ್ಯಾಪಾರಿ ಎರಡು ದಿನ ಅಂಗಡಿಯಲ್ಲಿ ಕೂತು ಯೋಚಿಸಿದ. ಚಪ್ಪರದಲ್ಲಿ ತನ್ನ ಹೆಸರಿನ ಜೊತೆ ತೆಂಗಿನಕಾಯಿ ಎಂದು ಕೂಗಿದರೆ ಹೇಗೆ ತಲೆ ಎತ್ತುವುದು ಎಂದು ಅವನಿಗೆ ತಿಳಿಯಲಿಲ್ಲ. ಕೊನೆಗೆ, ಮದುವೆಗೆ ಮೊದಲೇ ಒಬ್ಬನೇ ಹೋಗಿ ತಮ್ಮನಿಗೆ ನಿಜ ಹೇಳಿಬಿಡುವುದು ಎಂದುಕೊಂಡ. ಒಂದು ತೆಂಗಿನಕಾಯಿ, ಒಂದು ರವಿಕೆ ಕಣ, ಒಂದು ರೂಪಾಯಿ, ಇಷ್ಟನ್ನು ಟವಲಿನಲ್ಲಿ ಕಟ್ಟಿಕೊಂಡು ಹೊರಟ. ಪಕ್ಕದ ಊರಿಗೆ ನಡೆದುಕೊಂಡೇ ಹೋದ. ದಾರಿಯಲ್ಲಿ ಎರಡು ಸಲ ಹಿಂದಿರುಗಿ ಬರುವ ಮನಸ್ಸಾಯಿತು.

ತಮ್ಮನ ಗಾಣದ ಮನೆಯ ಬಾಗಿಲಲ್ಲಿ ಅವನ ಕಾಲು ನಿಂತುಹೋಯಿತು. ತಮ್ಮ ನೊಗಕ್ಕೆ ಹೆಗಲು ಕೊಟ್ಟು ಗಾಣ ಸುತ್ತುತ್ತಿದ್ದ. ಅವನ ಹೆಂಡತಿ ಹಿಂದಿನಿಂದ ತಳ್ಳುತ್ತಿದ್ದಳು.

"ಎತ್ತು ಎಲ್ಲಪ್ಪಾ?" ಎಂದ ವ್ಯಾಪಾರಿ.

ತಮ್ಮ ನೊಗ ಇಳಿಸಿ ಬೆವರು ಒರೆಸಿಕೊಂಡ. "ಹೋದ ವರ್ಷ ನಿಮ್ಮ ಮನೆ ನಾಮಕರಣಕ್ಕೆ ಬಂತಲ್ಲ ಅಣ್ಣ. ಎತ್ತು ಮಾರಿದ ದುಡ್ಡಿಗೆ ಒಂದು ಜೊತೆ ದೀಪ ಬಂದವು. ನೀವು ಅಂಥ ತಟ್ಟೆ ಕೊಟ್ಟ ಮೇಲೆ ಬರಿಗೈಲಿ ಬರೋಕಾಗುತ್ತದೆಯೇ?" ಅವನ ಮಾತಿನಲ್ಲಿ ಕುಹಕ ಇರಲಿಲ್ಲ. ಆಗಬೇಕಾದದ್ದು ಆಯಿತು ಎಂಬಂತೆ ಹೇಳಿದ. "ಈ ಮದುವೆಗೆ ಅಣ್ಣ ಇನ್ನೇನು ತರುತ್ತಾರೋ, ನಾವು ಇನ್ನೇನು ಮಾರಬೇಕೋ ಎಂದು ಇವಳು ತಿಂಗಳಿಂದ ಸರಿಯಾಗಿ ಊಟ ಮಾಡಿಲ್ಲ."

ವ್ಯಾಪಾರಿ ಒಳಗೆ ಬಂದ. ಟವಲು ಬಿಚ್ಚಿ ಕಾಯಿ, ಕಣ, ರೂಪಾಯಿಯನ್ನು ತಮ್ಮನ ಹೆಂಡತಿಯ ಮುಂದೆ ಇಟ್ಟ. ಅವಳು ಕಾಯಿಯನ್ನು ಎತ್ತಿ ಕಣ್ಣಿಗೆ ಒತ್ತಿಕೊಂಡಳು. ಹಾಗೆಯೇ ನೆಲದ ಮೇಲೆ ಕೂತು ಅತ್ತಳು.

"ಇದನ್ನು ನಾವು ತೀರಿಸಬಲ್ಲೆವು, ಭಾವ" ಎಂದಳು.

ವ್ಯಾಪಾರಿ ಊರಿಗೆ ಮರಳಿ ಪೆಟ್ಟಿಗೆ ತೆಗೆದ. ಆ ದೀಪಗಳನ್ನು ತಮ್ಮನಿಗೆ ಹಿಂದಕ್ಕೆ ಕೊಡೋಣ ಎಂದರೆ ಅದು ಅವಮಾನ. ಒಂದು ಎತ್ತು ಕೊಡಿಸೋಣ ಎಂದರೆ ಅದೂ ಮುಯ್ಯಿಯೇ ಆಗುತ್ತದೆ. ದಾರಿ ಹೊಳೆಯಲಿಲ್ಲ. ದೀಪ ಬಿಟ್ಟು ಉಳಿದ ಬೆಳ್ಳಿಯನ್ನೆಲ್ಲ ಮಾರಿ, ಕೂಡಿಟ್ಟ ಹಣಕ್ಕೆ ಸೇರಿಸಿ, ಗಡುವಿನೊಳಗೆ ಸಾಹುಕಾರನ ಬಾಕಿ ಮುಗಿಸಿದ.

ಗುರುಗಳು ಇಲ್ಲಿಗೆ ನಿಲ್ಲಿಸಿ ನೀರು ಕುಡಿದರು. ಗುರುಮಲ್ಲಪ್ಪ ಕೇಳಿದ.

"ಮದುವೆಯ ದಿನ ಚಪ್ಪರದಲ್ಲಿ ಜನ ನಗಲಿಲ್ಲವೇ, ಬುದ್ಧೀ?"

"ನಕ್ಕರು. ನಕ್ಕು, ಊಟ ಮಾಡಿ, ಎಲೆ ಅಡಿಕೆ ಹಾಕಿಕೊಂಡು ಮನೆಗೆ ಹೋದರು. ಗಾಣಕ್ಕೆ ಇನ್ನೊಂದು ಎತ್ತು ಬರಲು ನಾಲ್ಕು ವರ್ಷ ಹಿಡಿಯಿತು."

ಗುರುಮಲ್ಲಪ್ಪ ಇನ್ನೂ ಏನೋ ಕೇಳಲು ಬಾಯಿ ತೆರೆದ. ಗುರುಗಳು ಅವನಿಗೆ ಎಡೆ ಕೊಡಲಿಲ್ಲ.

"ನೀನು ಕೊಟ್ಟದ್ದಕ್ಕೆ ಸರಿಸಮ ತಂದವರ ಮನೆಯೊಳಗೆ ಎಂದಾದರೂ ಹೋಗಿ ನೋಡಿದ್ದೀಯಾ, ಗುರುಮಲ್ಲಪ್ಪಾ?"