ಪೂಜೆ ಮಾಡಿಸಿಕೊಂಡ ಗರಗಸ

“ಅಜ್ಜಾರ, ದಿನಾ ಬಂದು ನಿಮಗ ಹಾರ ಹಾಕ್ತೀನಿ, ನಿಮ್ಮ ಪಾದ ತೊಳದ ನೀರು ಕುಡೀತೀನಿ. ಆದ್ರೂ ನಿಮ್ಮ ಮಾತು ನನ್ನೊಳಗ ಯಾಕ ಕೆಲಸ ಮಾಡವಲ್ದು?”

ಮಠದ ಗುರುಪಾದಜ್ಜನನ್ನು ಹೀಗೆ ಕೇಳಿದವನು ಬಸಲಿಂಗ, ಊರಿನಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ ಇಟ್ಟವನು. ಅಜ್ಜನ ಫೋಟೋ ಅವನ ಅಂಗಡಿಯ ಗೋಡೆಯ ಮೇಲಿತ್ತು, ಮನೆಯ ಬಾಗಿಲ ಮೇಲಿತ್ತು, ಮೋಟಾರ್ ಸೈಕಲ್ಲಿನ ಟ್ಯಾಂಕಿನ ಮೇಲೂ ಇತ್ತು. ಅಜ್ಜ ಅವನಿಗೆ ಎಷ್ಟೋ ವರ್ಷಗಳಿಂದ ಹೇಳುತ್ತಿದ್ದದ್ದು ಒಂದೇ ಮಾತು: ತಮ್ಮನನ್ನು ಮಾತಾಡಿಸು. ಅಣ್ಣತಮ್ಮಂದಿರ ಮನೆಗಳ ನಡುವೆ ಇದ್ದದ್ದು ಒಂದು ಗೋಡೆ ಮಾತ್ರ. ಆ ಬೆಳಿಗ್ಗೆಯೂ ತಮ್ಮ ತನ್ನ ಮನೆಯ ಕಟ್ಟೆಯ ಮೇಲೆ ನಿಂತು, ಅಣ್ಣ ಏನಾದರೂ ಅಂದಾನೇನೋ ಎಂದು ನೋಡುತ್ತಿದ್ದ. ಬಸಲಿಂಗ ಅಜ್ಜನಿಗೆ ಹೂವು ಕೊಳ್ಳಲು ಹೊತ್ತಾಗುತ್ತದೆಂದು ತಲೆ ತಗ್ಗಿಸಿಕೊಂಡು ದಾಟಿ ಬಂದಿದ್ದ.

ಅಂದು ಸೋಮವಾರ. ಭಕ್ತರು ಹಾಕಿದ ಹಾರಗಳು ಅಜ್ಜನ ಗದ್ದದವರೆಗೆ ಏರಿದ್ದವು. ಅವುಗಳ ಮೇಲೆ ಬಸಲಿಂಗನದೂ ಒಂದು ಬಿತ್ತು. ಅಜ್ಜ ಬೆರಳಿನಿಂದ ಹೂವನ್ನು ಕೆಳಗೊತ್ತಿ ಬಾಯಿಗೆ ದಾರಿ ಮಾಡಿಕೊಂಡ.

ಕೆಟ್ಟು ಕುಳಿತದ್ದನ್ನು ಕೆಲಸಕ್ಕೆ ಹಚ್ಚುವ ವಿದ್ಯೆಯನ್ನು ತನಗಿಂತ ಚೆನ್ನಾಗಿ ಬಲ್ಲವರು ಈ ಸೀಮೆಯಲ್ಲೇ ಇಲ್ಲ ಎಂದ. ಅವನು ಕೆಮ್ಮಿದರೆ ಹಿಟ್ಟಿನ ಗಿರಣಿ ತಾನಾಗಿ ಚಾಲೂ ಆಗುತ್ತಿದ್ದ ಕಾಲವೊಂದಿತ್ತಂತೆ. ನೆಗಡಿ ಬಂದಾಗ ದಯವಿಟ್ಟು ನಮ್ಮ ಓಣಿಗೆ ಬರಬೇಡಿ ಎಂದು ಗಿರಣಿಯವನು ಕಾಲಿಗೆ ಬಿದ್ದಿದ್ದನಂತೆ. ಅದಿರಲಿ ಎಂದು ಅಜ್ಜ ಕತೆಗೆ ಬಂದ.

ಒಬ್ಬ ರೈತನಿದ್ದ. ಅವನು ಪೇಟೆಗೆ ಹೋಗಿ, ಯಾರೋ ಬಳಸಿ ಬಿಟ್ಟಿದ್ದ ಮರ ಕೊಯ್ಯುವ ಮಷೀನೊಂದನ್ನು ಕೊಂಡ. ಹಗ್ಗ ಎಳೆದರೆ ಚಾಲೂ ಆಗುತ್ತದೆ, ಹಲ್ಲಿನ ಸರಪಳಿ ತಿರುಗುತ್ತದೆ, ಎದುರಿಗಿದ್ದದ್ದು ಎರಡಾಗುತ್ತದೆ. ವ್ಯಾಪಾರಿ ಅದನ್ನು ಅಂಗಡಿಯ ಮುಂದೆ ಇಟ್ಟು, ಕಾಲಿನಿಂದ ಒತ್ತಿ ಹಿಡಿದು, ಹಗ್ಗವನ್ನು ಒಂದೇ ಸಲ ಎಳೆದ. ಅದರ ಗರ್ಜನೆಗೆ ಎದುರಿನ ಖಾನಾವಳಿಯಲ್ಲಿ ಹೆಂಚಿನ ಮೇಲಿದ್ದ ರೊಟ್ಟಿ ತಾನಾಗಿಯೇ ಮಗ್ಗುಲು ಬದಲಿಸಿತು. ರೈತ ಮರುಮಾತಾಡದೆ ತೆಗೆದುಕೊಂಡ. ಬಸ್ಸಿನಲ್ಲಿ ಅದನ್ನು ಹಸುಗೂಸಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಬಂದ.

ಊರು ಬರುವಷ್ಟರಲ್ಲಿ ರೈತನ ಬಾಯಲ್ಲಿ ಮಷೀನು ಬಹಳ ದೊಡ್ಡದಾಗಿತ್ತು. ಬಸ್ ಸ್ಟ್ಯಾಂಡಿನಲ್ಲಿ ಅದು ತೇಗದ ಮರ ಕೊಯ್ದಿತ್ತು. ಊರ ಕಟ್ಟೆಯ ಹತ್ತಿರ ಬರುವ ಹೊತ್ತಿಗೆ ಒಂದು ಗುಡ್ಡವನ್ನೇ ಬೋಳಿಸಿತ್ತು. ಯಾರಾದರೂ ಅದನ್ನು ಹಳೇ ಮಷೀನು ಎಂದರೆ ರೈತ ತಿದ್ದುತ್ತಿದ್ದ. ಹಳೇದಲ್ಲ, ಅನುಭವ ಇದ್ದದ್ದು ಎನ್ನುತ್ತಿದ್ದ.

ಅವನ ಹೆಂಡತಿ ಸೂಜಿ ತಂದರೂ ಅರಿಶಿನ ಹಚ್ಚದೆ ಒಳಗೆ ಬಿಡುವವಳಲ್ಲ. ಮಷೀನನ್ನು ಮಣೆಯ ಮೇಲೆ ಕೂರಿಸಿದಳು. ಮೈತುಂಬ ವಿಭೂತಿ ಬಳಿದಳು. ಅದರ ಪಕ್ಕೆಯಲ್ಲಿ ಸಾಲಾಗಿ ಸೀಳುಗಳಿದ್ದವು. ಗಂಧ ಹಚ್ಚಿದರೆ ಬೀಳದೆ ನಿಲ್ಲುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗವಿರಲಿಲ್ಲ. ಗಂಧದ ಮೇಲೆ ಕುಂಕುಮ ಒತ್ತಿದಳು. ಊದುಬತ್ತಿ ಸಿಕ್ಕಿಸಲು ಮಾಗಿದ ಬಾಳೆಹಣ್ಣನ್ನು ಅದೇ ಸೀಳುಗಳಿಗೆ ಅದುಮಿ ಕೂರಿಸಿದಳು. ಹಿಡಿಕೆಗೆ ಚೆಂಡುಹೂವಿನ ಹಾರ ಬಿತ್ತು. ಕಾಯಿ ಒಡೆದರು. ಮಷೀನು ಮದುಮಗನಂತೆ ಕುಳಿತಿತ್ತು. ರೈತ ನೋಡಿ ನೋಡಿ ತೃಪ್ತಿಯಿಂದ ಮಲಗಿದ.

ಮಾರನೆಯ ದಿನ ಬೆಳಗಿನ ಜಾವ ಗಾಳಿ ಬೀಸಿತು. ಅಂಗಳದ ಹಳೆಯ ಜಾಲಿ ಮರ ಬುಡಮೇಲಾಗಿ ದನದ ಕೊಟ್ಟಿಗೆಯ ಬಾಗಿಲಿಗೆ ಅಡ್ಡಬಿತ್ತು. ಕಲ್ಲಿನ ಕೊಟ್ಟಿಗೆ, ಅದಕ್ಕೆ ಇದ್ದದ್ದು ಒಂದೇ ಬಾಗಿಲು. ಎಮ್ಮೆ ಒಳಗೆ. ರಾತ್ರಿಯೆಲ್ಲ ಹಾಲು ಕುಡಿದುಬಿಡುತ್ತದೆಂದು ಕರುವನ್ನು ಹೊರಗೆ ಕಟ್ಟುವುದು ಆ ಮನೆಯ ರೂಢಿ. ಆದ್ದರಿಂದ ಕರು ಹೊರಗೆ. ಕೆಚ್ಚಲು ಬಿಗಿದು ಎಮ್ಮೆ ಒಳಗಿನಿಂದ ಕೂಗಿತು. ಹಸಿದ ಕರು ಹೊರಗಿನಿಂದ ಕೂಗಿತು.

ನೆರೆಯವರು ಕೊಡಲಿ ಹಿಡಿದು ಓಡಿ ಬಂದರು. ರೈತ ಅವರನ್ನು ತಡೆದ.

“ಕೊಡಲಿ ಕೆಳಗಿಡ್ರೋ. ಚಾ ಮಾಡಸ್ತೀನಿ. ನೀವು ಕುಡದು ಬಟ್ಟಲ ಇಡೂದರಾಗ ಇಲ್ಲಿ ಮರ ಇತ್ತು ಅನ್ನೂದು ನಿಮಗ ಮರತಿರ್ತದ.”

ಅವರಿಗೇನು, ಕಟ್ಟೆಯ ಮೇಲೆ ಸಾಲಾಗಿ ಕುಳಿತರು. ಚಹಾ ಬಂತು. ರೈತ ಹಾರ ಹಾಕಿದ ಮಷೀನನ್ನು ಎತ್ತಿಕೊಂಡು ಬಂದ. ವ್ಯಾಪಾರಿ ಮಾಡಿದಂತೆಯೇ ಕಾಲಿನಿಂದ ಒತ್ತಿ ಹಿಡಿದು ಹಗ್ಗ ಎಳೆದ. ಮಷೀನು ಗೊರ್ ಎಂದು ಸುಮ್ಮನಾಯಿತು. ಇನ್ನೊಮ್ಮೆ ಎಳೆದ. ಅದು ಅಷ್ಟನ್ನೂ ಅನ್ನಲಿಲ್ಲ.

ಚಹಾ ಮುಗಿಯಿತು. ಮರ ಅಲ್ಲೇ ಇತ್ತು.

ಕುಳಿತವರು ಒಬ್ಬೊಬ್ಬರೇ ಎದ್ದು ಬಂದರು. ಸ್ವಿಚ್ಚು ನೋಡಿದರು, ಆನ್ ಇತ್ತು. ಪೆಟ್ರೋಲು ನೋಡಿದರು, ತುಂಬಿತ್ತು. ಅದರಲ್ಲಿ ಆಯಿಲು ಬೆರೆಸಿದೆಯೋ ಇಲ್ಲವೋ ಎಂದು ಮೂಸಿ ನೋಡಿದರು, ಬೆರೆಸಿತ್ತು. ಪ್ಲಗ್ ಬಿಚ್ಚಿದರು. ಪೆಟ್ರೋಲಿನಲ್ಲಿ ಅದ್ದಿ ತೆಗೆದಂತೆ ಒದ್ದೆಯಾಗಿತ್ತು. ಒರೆಸಿ, ಲೋಹಕ್ಕೆ ತಾಗಿಸಿ ಹಿಡಿದು ಹಗ್ಗ ಎಳೆದರು. ಕಿಡಿ ಹಾರಿತು. ಮತ್ತೆ ಕೂರಿಸಿ ಎಳೆದರು. ಮಷೀನು ಮಾತಾಡಲಿಲ್ಲ. ಮತ್ತೆ ಬಿಚ್ಚಿದರೆ ಪ್ಲಗ್ ಮತ್ತೆ ಒದ್ದೆ. ಅನುಭವ ಇದ್ದದ್ದು ಅಲ್ಲವೇ, ದುಡಿದು ದುಡಿದು ನಿವೃತ್ತಿ ತೆಗೆದುಕೊಂಡಿದೆ ಎಂದು ಒಬ್ಬ ನಕ್ಕ.

ರೈತನ ಹೆಂಡತಿಗೆ ಕಾರಣ ಹೊಳೆಯಿತು. ಬಸ್ ಸ್ಟ್ಯಾಂಡಿನಿಂದ ಮನೆಯವರೆಗೆ ಗಂಡ ಅದನ್ನು ಎಲ್ಲರಿಗೂ ತೋರಿಸಿಕೊಂಡು ಬಂದಿದ್ದಾನೆ, ದೃಷ್ಟಿ ತಾಗದೆ ಇನ್ನೇನಾಗುತ್ತದೆ ಎಂದಳು. ನಿಂಬೆಹಣ್ಣು ಇಳಿಸಿದಳು. ನಿನ್ನೆಯ ಗಂಧ ಒಣಗಿ ಬಿರುಕುಬಿಟ್ಟಿತ್ತು. ದೇವರು ಮುನಿದುಕೊಂಡಾನೆಂದು ಅದರ ಮೇಲೆ ಹೊಸ ಗಂಧ ಮೆತ್ತಿದಳು. ಹೊಸ ಬಾಳೆಹಣ್ಣು ಅದುಮಿದಳು. ರೈತ ಕೈಮುಗಿದು ಎಳೆದ. ಏನೂ ಆಗಲಿಲ್ಲ. ಬೆಲ್ಲ ಕರಗಿಸಿ ಸವರಿದಳು. ಅವನು ಎಳೆದ. ಏನೂ ಆಗಲಿಲ್ಲ. ಹೀಗೆ ಪೂಜೆ ಏರುತ್ತ ಹೋಯಿತು, ಬಿಸಿಲೂ ಏರುತ್ತ ಹೋಯಿತು.

ಅಜ್ಜನ ಬಾಯಿಗೆ ಚೆಂಡುಹೂವಿನ ಎಸಳೊಂದು ಹೋಯಿತು. ಅದನ್ನು ಉಗುಳಿ, ಹಾರವನ್ನು ಮತ್ತೆ ಕೆಳಗೊತ್ತಿ ಮುಂದುವರಿಸಿದ.

ರೈತ ಪೇಟೆಯ ವ್ಯಾಪಾರಿಗೆ ಫೋನು ಮಾಡಿ, ಇದೆಂಥ ಮಷೀನು ಕೊಟ್ಟೆ ಎಂದು ಬೈದ. ವ್ಯಾಪಾರಿ ಸಮಾಧಾನದ ಮನುಷ್ಯ.

“ಒಯ್ದ ಮ್ಯಾಲ ಅದಕ್ಕ ಏನರ ಮಾಡೀರೇನ್ರಿ?”

“ಏನೂ ಮಾಡಿಲ್ಲೋ ಮಾರಾಯ. ಪೂಜಾ ಮಾಡೇವಿ, ಅಷ್ಟ.”

ಪೂಜೆ ಮಾಡಿದ್ದು ಒಳ್ಳೆಯದೇ ಆಯಿತು ಎಂದು ವ್ಯಾಪಾರಿ ಫೋನು ಇಟ್ಟ.

ರೈತನ ತೋಳು ಸೋತಿತ್ತು. ತೋಳಿನ ನೋವು ಅವನಿಗೆ ದೊಡ್ಡದಾಗಿರಲಿಲ್ಲ. ಹಗ್ಗ ಬಿಚ್ಚಿಬಿಟ್ಟಿದ್ದ ಕರು ಬಂದು ಅವನ ಧೋತರದ ಚುಂಗನ್ನು ಬಾಯಲ್ಲಿ ಇಟ್ಟುಕೊಂಡು ಚೀಪುತ್ತಿತ್ತು. ಒಳಗೆ ಎಮ್ಮೆಯ ಕೂಗು ಒಡೆದ ತಮಟೆಯಂತಾಗಿತ್ತು. ಮೊದಲೇ ಕೊಡಲಿಯವರಿಗೆ ಬಿಟ್ಟಿದ್ದರೆ ಇಷ್ಟುಹೊತ್ತಿಗೆ ಕರು ಕುಡಿದು ಮಲಗಿರುತ್ತಿತ್ತು ಎಂಬುದು ಅವನಿಗೆ ಗೊತ್ತಿತ್ತು. ಕಟ್ಟೆಯ ಮೇಲಿದ್ದವರಿಗೂ ಗೊತ್ತಿತ್ತು. ಅವನ ಮಾತಿಗೆ ಮರ್ಯಾದೆ ಕೊಟ್ಟು ಸುಮ್ಮನಿದ್ದರು, ಅಷ್ಟೇ.

ರೈತ ಒದ್ದೆ ಪ್ಲಗ್ಗನ್ನು ಮತ್ತೆ ಬಿಚ್ಚಿ ಬಿಸಿಲಿನಲ್ಲಿ ಮೆಟ್ಟಿಲ ಮೇಲಿಟ್ಟ. ಮಷೀನನ್ನು ಅಂಗಳದ ನಡುವೆ ಬಿಟ್ಟ. ಕಟ್ಟೆಯ ಹತ್ತಿರ ಹೋಗಿ, ಯಾರ ಮುಖವನ್ನೂ ನೋಡದೆ, ಒಂದು ಕೊಡಲಿ ಕೊಡಿ ಎಂದ. ಯಾರೂ ನಗಲಿಲ್ಲ. ಎಲ್ಲರೂ ಎದ್ದು ಮರಕ್ಕೆ ಹೋದರು. ಹಳೆಯ ಜಾಲಿ ಕಲ್ಲಿನಂತೆ ಗಟ್ಟಿ. ಏಟು ಬಿದ್ದಾಗಲೆಲ್ಲ ಚೂರು ಸಿಡಿಯುತ್ತಿತ್ತೇ ಹೊರತು ಮರ ಸೋಲುವಂತೆ ಕಾಣಲಿಲ್ಲ.

ಸುಸ್ತಾಗಿ ಬೆವರೊರೆಸಿಕೊಳ್ಳುತ್ತ ರೈತ ತಿರುಗಿ ನೋಡಿದ. ಕರು ಮಷೀನಿನ ಹತ್ತಿರ ನಿಂತಿತ್ತು. ಮೊದಲು ಹಾರ ತಿಂದಿತು. ಆಮೇಲೆ ಬಾಳೆಹಣ್ಣು ಎಳೆದು ತಿಂದಿತು. ಆಮೇಲೆ ಬೆಲ್ಲದ ರುಚಿ ಹತ್ತಿ, ಸೀಳುಗಳೊಳಗೆ ನಾಲಿಗೆ ಹಾಕಿ ಹಾಕಿ ನೆಕ್ಕಿತು. ಗಂಧ ಹೋಯಿತು, ಕುಂಕುಮ ಹೋಯಿತು. ಕರುವಿನ ಮೂತಿ ಕುಂಕುಮ ಇಟ್ಟ ಹಣೆಯಂತೆ ಕೆಂಪಾಯಿತು. ಓಡಿಸಬೇಕೆಂದು ರೈತ ಕೈಯೆತ್ತಿದವನು ಹಾಗೇ ಇಳಿಸಿದ. ತಾಯಿಯ ಹಾಲಂತೂ ಸಿಗಲಿಲ್ಲ, ಇಷ್ಟಾದರೂ ತಿನ್ನಲಿ ಎಂದುಕೊಂಡ.

ಅದು ತಿಂದು ಮುಗಿಸಿತು. ಪ್ಲಗ್ ಕಳೆದುಹೋದೀತೆಂದು ರೈತ ಹೋಗಿ ಅದನ್ನು ಮಷೀನಿಗೆ ತಿರುಗಿಸಿ ಕೂರಿಸಿದ. ಬಿಸಿಲಿಗೆ ಚೆನ್ನಾಗಿ ಒಣಗಿತ್ತು. ಒಳಗೆ ಇಡುವ ಮೊದಲು, ಆಸೆಯೇನೂ ಇಲ್ಲದೆ, ಕಾಲಿನಿಂದ ಒತ್ತಿ ಹಗ್ಗವನ್ನು ಒಮ್ಮೆ ಎಳೆದ.

ಮಷೀನು ಗರ್ಜಿಸಿತು.

ಆ ಸದ್ದಿಗೆ ಕೊಡಲಿ ಹಿಡಿದವರು ಕೊಡಲಿಯನ್ನು ಮರದಲ್ಲೇ ಬಿಟ್ಟು ಕಟ್ಟೆ ಏರಿದರು. ಪಕ್ಕದ ಊರಿನ ಕೋಳಿಗಳು ಆ ವಾರದ ಮೊಟ್ಟೆಯನ್ನೆಲ್ಲ ಆಗಲೇ ಇಟ್ಟು ಮುಗಿಸಿದವೆಂದೂ, ತಾನು ಅದನ್ನು ಕಣ್ಣಾರೆ ಕಂಡೆನೆಂದೂ ಅಜ್ಜ ಹೇಳಿದ. ಮಷೀನಿಗೆ ರೋಗವೇ ಇರಲಿಲ್ಲ. ಅದು ಉಸಿರೆಳೆಯುವುದು ಆ ಸೀಳುಗಳಿಂದ. ಗಾಳಿ ಸಿಗದೆ, ಎಳೆದಾಗಲೆಲ್ಲ ಬರೀ ಪೆಟ್ರೋಲು ಕುಡಿದು ಒಳಗೇ ತೊಯ್ದು ಕುಳಿತಿತ್ತು.

ರೈತ ಕೊಯ್ದ. ಕಲ್ಲಿನಂಥ ಜಾಲಿ ಸೌತೆಕಾಯಿಯಂತೆ ಹೋಳಾಯಿತು. ನೆರೆಯವರು ತುಂಡುಗಳನ್ನು ಉರುಳಿಸಿದರು. ಬಾಗಿಲು ತೆರೆದದ್ದೇ ತಡ, ಕರು ಎಲ್ಲರ ಕಾಲ ಸಂದಿಯಲ್ಲಿ ನುಗ್ಗಿ ಒಳಗೆ ಓಡಿತು. ಕೂಗು ಎರಡೂ ಕಡೆ ನಿಂತಿತು. ಅಂಗಳದವರೆಗೂ ಕರು ಹಾಲು ಗುಟುಕರಿಸುವ ಸಪ್ಪಳ ಕೇಳಿಸಿತು. ರೈತ ಹಾಲು ಕರೆಯಲು ಹೋಗಲಿಲ್ಲ. ಇವತ್ತಿನದು ಪೂರಾ ಅದರದೇ ಎಂದ. ಆ ರಾತ್ರಿಯಿಂದ ಕರುವನ್ನು ಹೊರಗೆ ಕಟ್ಟಲೂ ಇಲ್ಲ.

ಹೆಂಡತಿ ಸಂತೋಷದಿಂದ ಆರತಿ ತಟ್ಟೆ, ಗಂಧ, ಹೊಸ ಹಾರ ಹಿಡಿದು ಓಡಿ ಬಂದಳು. ರೈತ ಮಷೀನನ್ನು ಬೆನ್ನ ಹಿಂದೆ ಮಾಡಿಕೊಂಡ.

ಇಲ್ಲಿಗೆ ಅಜ್ಜ ಕತೆ ನಿಲ್ಲಿಸಿದ. ಬಸಲಿಂಗನಿಗೆ ಮನಸ್ಸು ತುಂಬಿ ಬಂದಿತ್ತು. ಎರಡೂ ಕೈ ಜೋಡಿಸಿ ಎದ್ದುನಿಂತ.

“ಎಂಥಾ ಕರು ಅಜ್ಜಾರ ಅದು. ಅದರದೊಂದು ಫೋಟೋ ಇದ್ರ ಕೊಡ್ರಿ, ನಿಮ್ಮ ಫೋಟೋದ ಬಾಜೂಕ ಹಾಕಿ ದಿನಾ ಪೂಜಾ ಮಾಡ್ತೀನಿ.”

ಅಜ್ಜ ಕತ್ತನ್ನು ಅವನ ಮುಂದೆ ಬಾಗಿಸಿದ.

“ಹಾರ ಬಾಯಿಮಟ ಬಂದೈತಿ ಬಸಲಿಂಗ, ನೀ ಇದನ್ನ ತಗದ್ರ ನಿನ್ನ ತಮ್ಮನ ಬಗ್ಗೆ ಹೇಳಿದ ಆ ಮಾತು ಇನ್ನೊಮ್ಮೆ ಹೇಳ್ತೀನಿ.”